ಒರಲೆ ಹತ್ತದ ಜಪ್ತಿ ಮಾಲು

"ಇದೆಂತ ತಂಗಿ, ಸರ್ಕಾರದ ಮೊಹರು ಇದ್ದಂಗೆ ಕಾಣ್ತದೆ?"

ಯಲ್ಲಾಪುರದಲ್ಲಿ ಆಗ ನಾನು ನಡೆಸುತ್ತಿದ್ದ ಸೈಬರ್ ಸೆಂಟರಿನಲ್ಲಿ, ಪರದೆಯ ಹತ್ತಿರ ಮುಖ ತಂದು ಹೀಗೆ ಕೇಳಿದವರು ನಿವೃತ್ತ ಫಾರೆಸ್ಟ್ ಗಾರ್ಡ್ ನಾಯ್ಕರು. ಹೆಂಡತಿಯ ಮಂಡಿನೋವಿಗೆ ವಿದೇಶದ ಔಷಧಿ ತರಿಸಲು ಬಂದಿದ್ದರು. ವಾರದ ಹಿಂದೆ ನೋಡಿಹೋಗಿದ್ದ ವೆಬ್‌ಸೈಟಿನ ಜಾಗದಲ್ಲಿ ಈಗ ಒಂದೇ ನೋಟಿಸು: ನಕಲಿ ಔಷಧಿ ಮಾರುತ್ತಿದ್ದ ಈ ತಾಣವನ್ನು ಅಲ್ಲಿಯ ಸರ್ಕಾರ ಜಪ್ತಿ ಮಾಡಿದೆ. ಓದಿ ಹೇಳಿದೆ. ಬೇಸರಪಡುತ್ತಾರೆ ಅಂದುಕೊಂಡರೆ ನಾಯ್ಕರು ಕುರ್ಚಿ ಎಳೆದುಕೊಂಡು ಕೂತರು.

"ಜಪ್ತಿ ಮಾಡಿದ ಮಾಲು ಎಲ್ಲಿಟ್ಟಿದ್ರು?"

ಮಾಲೇನಿಲ್ಲ, ವೆಬ್‌ಸೈಟಿನ ಹೆಸರನ್ನೇ ವಶಕ್ಕೆ ತೆಗೆದುಕೊಂಡಿದ್ದಾರೆ, ಇನ್ನು ಅಲ್ಲಿಗೆ ಹೋದವರಿಗೆಲ್ಲ ಈ ನೋಟಿಸೇ ಕಾಣುತ್ತದೆ ಎಂದೆ. ಅವರ ಮುಖ ಅರಳಿತು.

"ನಾವು ಕಾಡಲ್ಲಿ ಹಿಡಿದ ಕಳ್ಳನಾಟಾ, ಆ ಮರದ ದಿಮ್ಮಿ ಎಲ್ಲ, ಕೇಸು ಮುಗಿಯೋದ್ರೊಳಗೆ ಡಿಪೋದಲ್ಲೇ ಒರಲೆ ಹತ್ತಿ, ಗೆದ್ದಲು ತಿಂದು ಮಣ್ಣಾಗ್ತಿತ್ತು. ಇದಕ್ಕೆ ಒರಲೆ ಹತ್ತೂದಿಲ್ಲ ನೋಡು!"

ಎದ್ದು ನೆಟ್ಟಗೆ ನಿಂತು ಆ ಮೊಹರಿಗೊಂದು ಸೆಲ್ಯೂಟ್ ಹೊಡೆದರು. ಮಂಡಿಗೆ ಊರಿನ ಎಣ್ಣೆಯೇ ಸಾಕೆಂದು ನಗುತ್ತಾ ಹೊರಟರು.

ಅಲ್ಲಿಯವರೆಗೆ ಅಂಥ ಪುಟ ಬಂದರೆ ಗಿರಾಕಿಯ ಕೆಲಸ ಕೆಟ್ಟಿತೆಂದು ಗೊಣಗುತ್ತಿದ್ದೆ. ಈಗ ಅದು ಕಂಡಾಗಲೆಲ್ಲ, ಅದರ ಹಿಂದೆ ಎಲ್ಲೋ ಒಬ್ಬ ನಾಯ್ಕರು ಕಾವಲು ನಿಂತಿದ್ದಾರೆ ಅನ್ನಿಸುತ್ತದೆ.