ಇತ್ತಲಾರಿನ ಸಾಧನಾ ಫಲಕ

ಇತ್ತಲಾರಿನ ಶಾಲೆಯಲ್ಲಿ ಊರಿನ ಬ್ಯಾಸ್ಕೆಟ್‌ಬಾಲ್ ತಾರೆಗೆ ಸನ್ಮಾನವಿತ್ತು. ಅವನ ಸಾಧನೆಗಳನ್ನು ಓದುವ ಕೆಲಸ ನನ್ನದು. ವೃತ್ತಿಪರ ತಂಡದ ಮೊದಲ ಪಂದ್ಯ, ನಾಯಕತ್ವ, ಶ್ರೇಷ್ಠ ಆಟಗಾರ ಪ್ರಶಸ್ತಿ, ಎಲ್ಲವನ್ನೂ ದೊಡ್ಡ ಫಲಕದ ಮೇಲೆ ಬರೆಸಿದ್ದರು. ಮಂಡಿಯ ಶಸ್ತ್ರಚಿಕಿತ್ಸೆಯನ್ನು ಮಾತ್ರ ಬಿಟ್ಟಿದ್ದರು.

ವೇದಿಕೆಯ ಹಿಂದೆ ಅವನು ನನ್ನ ಕೈ ಹಿಡಿದುಕೊಂಡ. "ಅಣ್ಣಾ, ಅರ್ಧ ಓದಿದ್ರೆ ಸಾಕು. ಇಲ್ಲೇ ಕೋಚ್ ಕೆಲಸಕ್ಕೆ ಅರ್ಜಿ ಹಾಕಿದ್ದೀನಿ. ಆಟ ಮುಗೀತು, ಬೇರೆ ದಾರಿ ಇಲ್ಲ."

"ಒಂದನ್ನೂ ಬಿಡಬೇಡಿ ಸಾರ್," ಎಂದ ಪಕ್ಕದಲ್ಲಿದ್ದ ಶಾಲಾ ಸಮಿತಿಯ ಕಾರ್ಯದರ್ಶಿ. ನನ್ನನ್ನು ಕರೆಸಿದ್ದು ಅವನೇ. ಎಲ್ಲವನ್ನೂ ಓದಿದೆ.

ಆಮೇಲೆ ಹಿರಿಯರ ಆಶೀರ್ವಾದ. ಆಟಗಾರ ತಲೆ ಬಾಗಿಸಿದರೂ ಶಾಲಾ ಸಮಿತಿಯ ಅಧ್ಯಕ್ಷರ ಕೈಗೆ ಎಟುಕಲಿಲ್ಲ. ಕೆಟ್ಟ ಮಂಡಿಯನ್ನೇ ನೆಲಕ್ಕೂರಿದ. ಅಧ್ಯಕ್ಷರು ಅವನ ತಲೆಯ ಮೇಲೆ ಕೈಯಿಟ್ಟುಕೊಂಡೇ ಮೈಕಿನಲ್ಲಿ ಹೇಳಿದರು: "ಇಷ್ಟೆಲ್ಲ ಸಾಧಿಸಿದವನಿಗೆ ಮಕ್ಕಳಿಗೆ ಚೆಂಡು ಎಸೆಯೋ ಕೆಲಸ ಕೊಡೋದಾ? ಊರಿಗೇ ಅವಮಾನ! ಆ ಅರ್ಜಿ ನಾನೇ ಹರಿದು ಹಾಕಿದೆ."

ಭಾರಿ ಚಪ್ಪಾಳೆ ಬಿತ್ತು.

ಫಲಕವನ್ನು ಈಗ ಶಾಲೆಯ ಮೈದಾನದಲ್ಲಿ, ಬ್ಯಾಸ್ಕೆಟ್ ಹಾಕಲೆಂದು ನೆಟ್ಟ ಕಂಬಕ್ಕೆ ಬಿಗಿದಿದ್ದಾರೆ. ಬ್ಯಾಸ್ಕೆಟ್ ಇನ್ನೂ ಬಂದಿಲ್ಲ. ಎತ್ತರ ಮಾತ್ರ ಸರಿಯಾಗಿದೆ.