ರಕ್ತಸಂಬಂಧವಿಲ್ಲದ ಅತ್ತೆ

ಮಾಗಡಿ ಕಡೆಯ ಬೆಟ್ಟದ ಬುಡದ, ಇರುಳಿಗ ಬುಡಕಟ್ಟಿನವರ ಕಾಲೊನಿಯಲ್ಲಿ ಮುನಿತಾಯಮ್ಮ ಸುಮ್ಮನೆ ಕೂತದ್ದನ್ನು ಕಂಡವರು ಕಡಿಮೆ. ಗಂಡ ತೀರಿಕೊಂಡ ಮೇಲೆ ಮಾವಿನ ತೋಟ ಕಾಯುತ್ತಿದ್ದಳು, ಕಾಡುಗೆಣಸು ಅಗೆಯುತ್ತಿದ್ದಳು, ಯಾರ ಮನೆಯಲ್ಲಿ ಬಾಣಂತಿಯಿದ್ದರೂ ನೀರೆರೆಯಲು ಓಡುತ್ತಿದ್ದಳು. ಸ್ವಂತ ಮಕ್ಕಳಿರಲಿಲ್ಲ. ಪಕ್ಕದ ಮನೆಯ ಹೆಂಗಸು ಜ್ವರ ಬಂದು ಇವಳ ತೊಡೆಯ ಮೇಲೆಯೇ ಕಣ್ಣುಮುಚ್ಚಿದಾಗ, ಅವಳ ಹೆಣ್ಣುಮಕ್ಕಳಾದ ನಯನ ಮತ್ತು ಸಿಂಧು ಯಾರೂ ಹೇಳದೆಯೇ ಚಾಪೆ ಎತ್ತಿಕೊಂಡು ಇವಳ ಮನೆಗೆ ಬಂದರು. ಅಪ್ಪ ಎಂದೋ ಊರು ಬಿಟ್ಟಿದ್ದ. ಅತ್ತೆ ಎಂದರು, ಅತ್ತೆಯಾದಳು.

ದಾರಿಯಲ್ಲಿ ಚಿರತೆ ಕಾಣಿಸಿಕೊಂಡ ಮೇಲೆ ಹುಡುಗಿಯರು ಶಾಲೆಗೆ ಹೋಗುವುದನ್ನು ಬಿಟ್ಟರು. ಯಾರೋ ದೂರು ಕೊಟ್ಟರು. ಮುನಿತಾಯಮ್ಮ ತೋಟದಲ್ಲಿದ್ದ ಒಂದು ಮಧ್ಯಾಹ್ನ ಸರ್ಕಾರಿ ಜೀಪು ಬಂತು. ದಿಕ್ಕಿಲ್ಲದ ಮಕ್ಕಳೆಂದು ಇಬ್ಬರನ್ನೂ ರಾಮನಗರದ ಒಂದು ಆಶ್ರಯಧಾಮಕ್ಕೆ ಕರೆದೊಯ್ದರು.

ಮುನಿತಾಯಮ್ಮ ಮಣ್ಣು ಮೆತ್ತಿದ ಕೈಯಲ್ಲೇ ಬಸ್ಸು ಹತ್ತಿದಳು. ಮಕ್ಕಳನ್ನು ಕರೆದೊಯ್ದಿದ್ದ ಅಧಿಕಾರಿ ಪ್ರತಿಮಾ ಆಶ್ರಯಧಾಮದಲ್ಲಿ ಕುರ್ಚಿ ತೋರಿಸಿದರೂ ಕೂರಲಿಲ್ಲ. ಕಿಟಕಿಗೂ ಬಾಗಿಲಿಗೂ ಓಡಾಡುತ್ತಲೇ ಇದ್ದಳು.

"ಮಕ್ಕಳಿಗೆ ನೀವು ಏನಾಗಬೇಕಮ್ಮ?"

"ಅತ್ತೆ ಕಣ್ರವ್ವ."

"ಅವರಪ್ಪನ ತಂಗಿಯಾ? ರಕ್ತಸಂಬಂಧ ಇದೆಯಾ?"

"ರಕ್ತ ಅಂದ್ರೆ ಇಲ್ಲ. ಹಿಟ್ಟು ಇಕ್ಕಿದ್ದು ನಾನು, ತಲೆ ಬಾಚಿದ್ದು ನಾನು. ಇನ್ನೇನ್ ಬೇಕು?"

ಒಳಗೆ ಚಿಕ್ಕವಳು ಸಿಂಧು ತಟ್ಟೆ ಮುಟ್ಟದೆ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಅದನ್ನು ಕಂಡಿದ್ದ ಪ್ರತಿಮಾ ಆ ವಾರವೇ ಕಾಲೊನಿಗೆ ಬಂದಳು, ಈ ಸಲ ಜೀಪಿಲ್ಲದೆ, ಬಸ್ಸಿನಲ್ಲಿ.

ಹಿರಿಯ ಪುಟ್ಟಲಿಂಗಯ್ಯ ಎಲ್ಲರನ್ನೂ ಹುಣಸೆಮರದ ಕೆಳಗೆ ಸೇರಿಸಿದ. "ನಮ್ಮಲ್ಲಿ ಮಕ್ಳು ಒಬ್ರ ಮನೆವಲ್ಲ ಕಣವ್ವ. ಮುನಿತಾಯಿ ತ್ವಾಟಕ್ಕೆ ಹೋದ್ರೆ ನಮ್ಮನೇಲಿ ಉಣ್ತಾವೆ. ದಿಕ್ಕಿಲ್ಲ ಅಂತ ನಿಮ್ಗೆ ಯೋಳ್ದೋರ್ಯಾರು?"

"ಒಪ್ಪಿದೆ ಅಜ್ಜ. ಹಾಗಾದರೆ ಹುಡುಗಿಯರು ಶಾಲೆಗೆ ಹೋಗುವುದನ್ನು ಬಿಟ್ಟಾಗ ಇಷ್ಟು ಜನ ಎಲ್ಲಿದ್ದಿರಿ?" ಅಂದಳು ಪ್ರತಿಮಾ.

ಮುನಿತಾಯಮ್ಮನಿಗೆ ಮುಖಕ್ಕೆ ಹೊಡೆದಂತಾಯಿತು. ಕೊನೆಗೆ ಮುತ್ತುರಾಜು ಎಂಬ ಕೂಲಿಯಾಳು ಎದ್ದು, "ದಿನಾ ಬೆಳಗ್ಗೆ ಇಬ್ರು ದೊಡ್ಡೋರು ಕಾಲೊನಿ ಮಕ್ಳ ಜೊತೆ ಇಸ್ಕೂಲ್‌ಗಂಟ ಹೋಗ್ತೀವಿ. ನಾಳೆ ನಾನೇ ಹೋಯ್ತೀನಿ" ಅಂದ. ಹಾಗೇ ನಡೆಯಿತು.

ಆಶ್ರಯಧಾಮದಲ್ಲೇ ಸೇರಿದ, ಮಕ್ಕಳ ವಿಷಯ ತೀರ್ಮಾನಿಸುವ ಸಮಿತಿಯ ಮುಂದೆ ಪ್ರತಿಮಾ ತಾನು ಕಂಡದ್ದನ್ನೆಲ್ಲ ಹೇಳಿದಳು. ಸಮಿತಿಯ ಹಿರಿಯರಾದ ಅಂಬುಜಮ್ಮ ಹುಡುಗಿಯರನ್ನೇ ಕೇಳಿದರು. ಸಿಂಧು ಮಾತಾಡದೆ ಓಡಿಬಂದು ಅತ್ತೆಯ ಸೆರಗು ಹಿಡಿದಳು. ಹದಿಮೂರರ ನಯನ ಮಾತ್ರ ನಿಂತಲ್ಲೇ ನಿಂತಳು.

"ಅತ್ತೆ, ನಾನ್ ಇಲ್ಲೇ ಇರ್ತೀನಿ. ಇಸ್ಕೂಲು ಹತ್ರ ಐತೆ. ಹತ್ತನೇ ಕ್ಲಾಸ್ ಮುಗೀಲಿ."

"ನಾನೇನ್ ಕಮ್ಮಿ ಮಾಡ್ದೆನೇ ನಿಂಗೆ?"

"ಏನೂ ಕಮ್ಮಿ ಮಾಡ್ನಿಲ್ಲ. ಓದ್ಬೇಕು ಅಷ್ಟೆ."

ಮುನಿತಾಯಮ್ಮ ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದು ಬಂದಳು. "ಇರ್ಲಿ ಬುಡಿ," ಅಂದಳು ಅಂಬುಜಮ್ಮನಿಗೆ. "ಒಂದೇ ಮಾತು. ಶನಿವಾರ ನಾನು ಬತ್ತೀನಿ, ಬ್ಯಾಡ ಅನ್ಬ್ಯಾಡಿ. ಗೆಣಸು ತತ್ತೀನಿ. ನಮ್ ಮಾತಲ್ಲೇ ಮಾತಾಡುಸ್ತೀನಿ, ಯಾರೂ ನಗಬಾರ್ದು. ಹಬ್ಬಕ್ಕೆ ಅವಳು ಮನೆಗೆ ಬರ್ಬೇಕು."

ಅಂಬುಜಮ್ಮ ಎಲ್ಲಕ್ಕೂ ಒಪ್ಪಿ, ಸಿಂಧುವನ್ನು ಅವಳ ಸುಪರ್ದಿಗೆ ಕೊಟ್ಟರು.

ಸಿಂಧು ಈಗ ಶಾಲೆಗೆ ಹೋಗುತ್ತಾಳೆ. ಜೀಪಿನ ಸದ್ದಾದರೆ ಇನ್ನೂ ಹಿತ್ತಲಿಗೆ ಓಡುತ್ತಾಳೆ. ಶನಿವಾರ ಬಂದರೆ ಮುನಿತಾಯಮ್ಮ ಬೇಯಿಸಿದ ಗೆಣಸಿನ ಗಂಟು ಹಿಡಿದು ರಾಮನಗರಕ್ಕೆ ಹೊರಡುತ್ತಾಳೆ. ನಯನ ತಿನ್ನುತ್ತಾಳೆ, ಗೆಳತಿಯರಿಗೂ ಹಂಚುತ್ತಾಳೆ. ಒಂದು ಶನಿವಾರ ಕೈ ಒರೆಸಿಕೊಳ್ಳುತ್ತ, "ಮುಂದಿನ್ ವಾರ ಬರ್ಬ್ಯಾಡ ಅತ್ತೆ, ಪರೀಕ್ಷೆ ಐತೆ" ಅಂದಳು.

"ಆಯ್ತು ಕಣವ್ವ" ಅಂದಳು ಮುನಿತಾಯಮ್ಮ. ಮುಂದಿನ ಶನಿವಾರ ಮನೆಯಲ್ಲಿ ಕೂರಲಾಗಲಿಲ್ಲ. ಅಂಗಳ ಗುಡಿಸಿದಳು, ಗುಡಿಸಿದ್ದನ್ನೇ ಮತ್ತೆ ಗುಡಿಸಿದಳು. ಆಮೇಲೆ ಸಿಂಧುವಿನ ಕೈಹಿಡಿದು ಬಸ್‌ಸ್ಟಾಪಿನವರೆಗೆ ನಡೆದಳು. ರಾಮನಗರದ ಬಸ್ಸು ಬಂದು ನಿಂತು ಹೋಯಿತು. ಇಬ್ಬರೂ ಮನೆಗೆ ಹಿಂದಿರುಗಿದರು.