ಕಂಪ್ಯೂಟರಿನ ಮೇಲೆ ಹೊದಿಸಿದ ವೇಲು

ಬೈಲಹೊಂಗಲದ ತಾಯಂದಿರು ಹೆಣ್ಣುಮಕ್ಕಳನ್ನು ಎಲ್ಲಿಗೂ ಸುಮ್ಮನೆ ಕಳಿಸುವವರಲ್ಲ. ಯಾರ ಮನೆ, ಅಲ್ಲಿ ಯಾರಿರುತ್ತಾರೆ, ಎಷ್ಟು ಹೊತ್ತಿಗೆ ವಾಪಸು ಎಂದೆಲ್ಲ ಕೇಳಿ ಮುಗಿಸುವಷ್ಟರಲ್ಲಿ ಹುಡುಗಿಗೆ ಹೋಗುವ ಹುಮ್ಮಸ್ಸೇ ಇಳಿದಿರುತ್ತದೆ. ಆದರೆ ಫಿರದೋಸ್ ಅಕ್ಕೋರ ಟೈಪಿಂಗ್ ಕ್ಲಾಸು ಅಂದರೆ ಮರುಪ್ರಶ್ನೆ ಇರಲಿಲ್ಲ. "ಅಕ್ಕೋರ ಕಡೆ ಹೊಂಟಿಯೇನು? ಹೋಗಿ ಬಾ" ಅಷ್ಟೇ. ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಅನ್ನುವುದು ರೂಢಿ. ಆ ಓಣಿಯಲ್ಲಿ ಮಾತ್ರ ಬರೀ ಅಕ್ಕೋರು ಅಂದರೆ ಫಿರದೋಸೇ.

ಈ ಹೆಸರು ಅವಳಿಗೆ ಪುಕ್ಕಟೆ ಸಿಕ್ಕಿದ್ದಲ್ಲ. ಅಪ್ಪ ಟಿಪ್ಪುಸಾಬ, ತಾಲೂಕು ಕಚೇರಿ ಎದುರಿನ ಬೇವಿನ ಗಿಡದ ಬುಡದಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ರೈತರಿಗೆ ಅರ್ಜಿ ಹೊಡೆದು ಕೊಡುತ್ತಿದ್ದ. ತೊಂಬತ್ನಾಲ್ಕರಲ್ಲಿ ಅವನು ತೀರಿಕೊಂಡಾಗ ಫಿರದೋಸ್‌ಗೆ ಇಪ್ಪತ್ತೆರಡು. ಗಂಡಸರ ನಡುವೆ ಗಿಡದ ಕೆಳಗೆ ಕೂಡಲು ತಾಯಿ ಜೈಬುನ್ನಿಸಾ ಬಿಡಲಿಲ್ಲ. ಸರಿ, ಯಂತ್ರವನ್ನೇ ಮನೆಯ ಮುಂದಿನ ಕೋಣೆಗೆ ತಂದು ಹುಡುಗಿಯರಿಗೆ ಕಲಿಸತೊಡಗಿದಳು. ಒಂದಿದ್ದ ಯಂತ್ರ ಆರಾದವು. ಎರಡು ಸಾವಿರದ ನಾಲ್ಕರಲ್ಲಿ ಒಂದು ಕಂಪ್ಯೂಟರೂ ಬಂತು, ಇಂಟರ್ನೆಟ್ಟಿಗೆಂದು ಅದಕ್ಕೆ ಫೋನಿನ ತಂತಿಯೂ ಬಂತು. ಕಂಪ್ಯೂಟರಿನ ಜತೆಗೆ ಬಂದಿದ್ದ ಇಸ್ಪೀಟಿನ ಆಟವನ್ನು ಅವಳು ಮೊದಲ ದಿನವೇ ತೆಗೆಸಿ ಹಾಕಿದಳು. ಕ್ಲಾಸಿನಲ್ಲಿ ಹಾಡಿಲ್ಲ, ಆಟವಿಲ್ಲ, ಕಿಸಿಕಿಸಿ ನಗೆಯಂತೂ ಇಲ್ಲವೇ ಇಲ್ಲ. ಅಕ್ಕೋರು ನಕ್ಕದ್ದನ್ನು ಕಂಡವರಿಲ್ಲ ಎಂದು ಹುಡುಗಿಯರು ಹೊರಗೆ ಹೋಗಿ ನಗುತ್ತಿದ್ದರು.

ಅಪ್ಪ ಬಿಟ್ಟು ಹೋದ ಕಟ್ಟಳೆ ಒಂದಿತ್ತು. ಯಾರು ಬಂದು ಏನು ಕೇಳಿದರೂ ಬೇಡ ಅನ್ನಬಾರದು. "ಮೊದಲ ಹೂಂ ಅನ್ನಬೇಕವ್ವಾ. ಆಗೂದು ಬಿಡೂದು ಆಮ್ಯಾಲಿನ ಮಾತು. ಬಾಗಲಕ್ಕ ಬಂದವರಿಗೆ ಬ್ಯಾಡ ಅಂದ ಮನಿಗೆ ಬರಕತ್ತಿಲ್ಲ, ಏಳಿಗಿ ಇಲ್ಲ." ಫಿರದೋಸ್ ಇದನ್ನು ಉಪ್ಪಿಗೆ ಬಂದ ನೆರೆಯವಳಿಂದ ಹಿಡಿದು ಹಳೆಯ ಪೇಪರಿನವನ ತನಕ ಪಾಲಿಸಿಕೊಂಡು ಬಂದಿದ್ದಳು. ಎರಡು ಸಾವಿರದ ಆರರ ಮಳೆಗಾಲದಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಸಣ್ಣ ಸಣ್ಣ ಚೌಕಗಳು ತಾವಾಗಿ ಮೂಡಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ಶುರುಮಾಡಿದಾಗಲೂ ಅದನ್ನೇ ಪಾಲಿಸಿದಳು. ನಿಮ್ಮ ಯಂತ್ರ ನಿಧಾನವಾಗಿದೆ, ಚುರುಕು ಮಾಡೋಣವೇ? ಹೂಂ. ನಿಮಗೆ ಬಹುಮಾನ ಬಂದಿದೆ, ಬೇಕೇ? ಹೂಂ. ಒಂದಕ್ಕೆ ಹೂಂ ಅಂದರೆ ಮೂರು ಬರುತ್ತಿದ್ದವು. ಮೂರಕ್ಕೂ ಹೂಂ. ಪಾಪ, ಬಾಗಿಲಿಗೆ ಬಂದವರು ಯಾರೆಂದು ಇಣುಕಿ ನೋಡಬೇಕು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆಗಸ್ಟಿನ ಒಂದು ಬುಧವಾರ ಬೆಳಗಿನ ಪಾಳಿ. ಹತ್ತು ಹುಡುಗಿಯರು ಕುಳಿತಿದ್ದರು. ನೌಕರಿಗೆ ಅರ್ಜಿ ಬರೆಯುವುದು ಹೇಗೆಂದು ತೋರಿಸಲು ಫಿರದೋಸ್ ಎಲ್ಲರನ್ನೂ ಕಂಪ್ಯೂಟರಿನ ಸುತ್ತ ಕರೆದಳು. ಎರಡು ಸಾಲು ಹೊಡೆದಿದ್ದಳೋ ಇಲ್ಲವೋ, ಪರದೆ ತುಂಬ ಒಬ್ಬ ಹೆಂಗಸಿನ ಚಿತ್ರ ಬಂದು ನಿಂತಿತು. ಮೈಮೇಲೆ ಬಟ್ಟೆ ಅನ್ನುವುದು ಲೆಕ್ಕಕ್ಕೆ ಮಾತ್ರ. ಫಿರದೋಸ್ ಅದನ್ನು ಮುಚ್ಚಿದಳು. ಇನ್ನೊಂದು ಬಂತು. ಅದು ಮೊದಲಿನದಕ್ಕಿಂತ ಹೊಲಸು. ಏನು ಮಾಡಬೇಕೋ ತಿಳಿಯದೆ ತಲೆ ಮೇಲಿನ ವೇಲನ್ನೇ ಕಿತ್ತು ಪರದೆಗೆ ಹೊದಿಸಿ, ಗೋಡೆಯ ಬಟನ್ ಒತ್ತಿ ಕರೆಂಟು ತೆಗೆದಳು. ಹುಡುಗಿಯರು ನೆಲ ನೋಡುತ್ತ ನಿಂತಿದ್ದರು. "ನಿಮ್ಮ ನಿಮ್ಮ ಜಾಗಾಕ್ಕ ಹೋಗ್ರಿ" ಅಂದಳು.

ಒಂದು ಹುಡುಗಿ ಮನೆಯಲ್ಲಿ ಬಾಯಿ ಬಿಟ್ಟರೆ ಮುಗಿಯಿತು. ಒಬ್ಬ ತಾಯಿ ಇನ್ನೊಬ್ಬ ತಾಯಿಗೆ ಹೇಳುತ್ತಾಳೆ, ವಾರದೊಳಗೆ ಕ್ಲಾಸು ಖಾಲಿ. ಹನ್ನೆರಡು ವರ್ಷ ಕಟ್ಟಿದ ಹೆಸರು ಹನ್ನೆರಡು ಗಳಿಗೆಯಲ್ಲಿ ಮಣ್ಣಾಗುತ್ತದೆ. ಹುಡುಗಿಯರಿಗೂ ಕಲಿಯಲು ಇನ್ನೊಂದು ಜಾಗವಿಲ್ಲ. ಈ ಎಣಿಕೆ ತಲೆಯಲ್ಲಿ ಓಡುವಾಗ, ಇದನ್ನು ತಂದಿಟ್ಟವರು ಯಾರು ಅನ್ನುವ ಪ್ರಶ್ನೆಗೆ ಅವಳಿಗೆ ಕೂಡಲೇ ಒಂದು ಮುಖ ಸಿಕ್ಕಿತು.

ಉಮಾಶ್ರೀ, ದೊಡವಾಡದಿಂದ ಬಸ್ಸಿಗೆ ಬರುವ ಹುಡುಗಿ, ಬಿ.ಎ. ಎರಡನೆಯ ವರ್ಷ. ಹೇಳಿದಷ್ಟು ಮಾಡಿ ಸುಮ್ಮನಿರುವ ಜಾತಿಯಲ್ಲ. ಇದನ್ನ ಒತ್ತಿದ್ರ ಏನಾಗತೈತ್ರಿ, ಅದ್ಯಾಕ ಹಂಗ ಐತ್ರಿ ಎಂದು ಪ್ರಶ್ನೆಯ ಮೇಲೆ ಪ್ರಶ್ನೆ. ಹಿಂದಿನ ಸಂಜೆ ಕೊನೆಗೆ ಕಂಪ್ಯೂಟರ್ ಮುಂದೆ ಕುಳಿತವಳೂ ಅವಳೇ. ಫಿರದೋಸ್‌ಗೆ ಅಷ್ಟು ಸಾಕಾಯಿತು. ಎಲ್ಲರೂ ಹೋದ ಮೇಲೆ ಅವಳನ್ನು ನಿಲ್ಲಿಸಿ, "ನಾಳಿಂದ ನೀ ಬರಬ್ಯಾಡ" ಅಂದಳು.

ಉಮಾಶ್ರೀ ಏನೋ ಹೇಳಲು ಹೋದಳು. ಅಕ್ಕೋರ ಮುಖ ನೋಡಿದಳು. ಮತ್ತೆ ಏನೂ ಹೇಳದೆ ನೋಟ್‌ಬುಕ್ ಎತ್ತಿಕೊಂಡು ಹೊರಟುಹೋದಳು. ವಾದ ಮಾಡಲಿಲ್ಲವಲ್ಲ, ತಪ್ಪು ಇವಳದೇ ಎಂದು ಫಿರದೋಸ್ ತನಗೆ ತಾನೇ ಷರಾ ಬರೆದುಕೊಂಡಳು.

ಹುಡುಗಿ ಹೋದಳು. ಚಿತ್ರ ಹೋಗಲಿಲ್ಲ. ಬಾಗಿಲು ಹಾಕಿಕೊಂಡು ಫಿರದೋಸ್ ಯಂತ್ರ ಹಚ್ಚಿ ಸಿಕ್ಕ ಸಿಕ್ಕ ಹೆಸರುಗಳನ್ನು ಅಳಿಸಿದಳು. ಆರಿಸಿ ಹಚ್ಚಿದರೆ ಅವೇ ಮತ್ತೆ ಹಾಜರು. ಫೋನಿನ ತಂತಿ ಕಿತ್ತಳು, ಆದರೂ ಬಂದವು. ಹುಡುಗಿಯರಿಗೆ ಕಂಪ್ಯೂಟರ್ ಕೆಟ್ಟಿದೆ ಎಂದು ಹೇಳಿ ಟೈಪ್‌ರೈಟರಿಗೆ ಕೂಡಿಸಿದಳು. ವೇಲು ಪರದೆಯ ಮೇಲೆ ಹಾಗೇ ಉಳಿಯಿತು. ಬೀದಿಯಲ್ಲಿ ಯಾವುದಾದರೂ ಹುಡುಗಿಯ ತಾಯಿ ಎದುರಾದರೆ ಪಕ್ಕದ ಓಣಿಗೆ ಹೊರಳುತ್ತಿದ್ದಳು. ಯಾರಾದರೂ "ಆರಾಮ ಅದೀರಿ?" ಅಂದರೂ ಅದರ ಹಿಂದೆ ಏನಿದೆಯೋ ಅನ್ನಿಸುತ್ತಿತ್ತು. ಹಾಲು ಒಲೆಯ ಮೇಲೆ ಉಕ್ಕಿ ಹೋಗುವುದು, ಬೀಗ ಹಾಕಿದ್ದೇನೆಯೋ ಇಲ್ಲವೋ ಎಂದು ಮೂರು ಸಲ ವಾಪಸು ಬರುವುದು ದಿನದ ಪಾಠವಾಯಿತು. "ಏನಾಗೇತವ್ವಾ ನಿನಗ? ಕಾಲಿಗೆ ಚಕ್ರ ಕಟಗೊಂಡಂಗ ತಿರಗತಿ" ಎಂದು ತಾಯಿ ಬೈದಳು. ಏನೆಂದು ಹೇಳುವುದು? ಊರಿನ ರಿಪೇರಿಯವನನ್ನು ಕರೆಯೋಣವೆಂದರೆ, ಅವನ ತಂಗಿಯೇ ಕ್ಲಾಸಿಗೆ ಬರುತ್ತಿದ್ದಳು.

ಒಂಬತ್ತನೆಯ ದಿನ ತಡೆಯಲಾಗಲಿಲ್ಲ. ಪರದೆ ಬಿಟ್ಟು ಕಂಪ್ಯೂಟರಿನ ಡಬ್ಬಿಯನ್ನಷ್ಟೇ ಚಾದರದಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಯರಗಟ್ಟಿಯ ಬಸ್ಸು ಹತ್ತಿದಳು. ಅಲ್ಲಿ ಅವಳನ್ನು ಬಲ್ಲವರಿಲ್ಲ. ದಾರಿಯುದ್ದಕ್ಕೂ ಹೊಂಡ, ಹೊಂಡಕ್ಕೊಂದು ಸಲ ಡಬ್ಬಿ ಪಕ್ಕೆಗೆ ಗುದ್ದುತ್ತಿತ್ತು. ಪಕ್ಕದ ಅಜ್ಜಿ ಚಾದರ ಮುಟ್ಟಿ, "ಏನವ್ವಾ ಇದು, ಇಷ್ಟ ಬಿರುಸೈತಿ?" ಎಂದು ಕೇಳಿದಳು. ಹೊಲಿಗೆ ಮಷಿನ್ ಅಂದಳು ಫಿರದೋಸ್. ಒಂಬತ್ತು ದಿನದ ಹಿಂದಿನ ತನಕ ಅವಳಿಗೆ ಸುಳ್ಳು ಇಷ್ಟು ಸಲೀಸಾಗಿ ಬರುತ್ತಿರಲಿಲ್ಲ.

ಯರಗಟ್ಟಿಯಲ್ಲಿ ಪೇಟೆಯ ಹಿಂದೆ ಮಲಕಾಜಪ್ಪ ಎಂಬ ನಲವತ್ತರ ಆಸಾಮಿ ರೇಡಿಯೋ, ಟಿ.ವಿ. ಜತೆಗೆ ಕಂಪ್ಯೂಟರನ್ನೂ ಬಿಚ್ಚುತ್ತಿದ್ದ. ಫಿರದೋಸ್ ಬಾಯಿ ಬಿಡುವ ಮೊದಲೇ ತನ್ನ ಪರದೆಗೆ ಜೋಡಿಸಿ ನೋಡಿ, ಚಟ್ಟನೆ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡ.

"ಅಂಜಬ್ಯಾಡ್ರಿ ಬಾಯಾರ. ಇದು ಈಗ ಎಲ್ಲಾರ ಮನ್ಯಾಗೂ ಐತಿ. ಇವು ಜಾಹೀರಾತಿನ ಹುಳಾ. ಯಾವುದರೆ ಪುಕ್ಕಟ ಸಾಮಾನಿನ ಬೆನ್ನ ಹತ್ತಿ ಒಳಗ ಬರತಾವ. ಬಂದದ್ದು ಸುಮ್ಮನ ಕೂಡೂದಿಲ್ಲ, ಬಳಗಾನ ಕರೀತೈತಿ."

"ನಾ ಎಲ್ಲಾ ಅಳಿಸಿದೆನ್ರಿ. ಮತ್ತ ಬಂದ್ವು."

"ಚಿತ್ರ ಅಳಿಸೀರಿ, ಬೇರು ಒಳಗ ಹಂಗ ಐತಿ." ಯಂತ್ರ ಏಳುವಾಗಲೇ ಕೀಬೋರ್ಡಿನ ಮೇಲಿನ ಸಾಲಿನ ಎಫ್ ಎಂಟು ಒತ್ತಿ ಹಿಡಿದ. ಹಾಗೆ ಎಬ್ಬಿಸಿದರೆ ಯಂತ್ರ ತನಗೆ ಬೇಕಾದಷ್ಟನ್ನೇ ಎಬ್ಬಿಸುತ್ತದೆ, ಹುಳ ಮಲಗಿರುತ್ತವೆ, ಆಗಲೇ ಕೀಳಬೇಕು ಎಂದು ವಿವರಿಸಿದ. ಆಮೇಲೆ ಯಂತ್ರದಲ್ಲಿ ಯಾವ ಯಾವ ಪ್ರೋಗ್ರಾಮು ಕೂತಿವೆ ಎಂಬ ಪಟ್ಟಿ ತೆಗೆದ. ಹದಿನಾಲ್ಕು ಹೆಸರು ಅವಳು ಕಂಡು ಕೇಳದವು. "ಇವಕ್ಕೆಲ್ಲಾ ಹೂಂ ಅಂದಾವರ ಯಾರ್ರಿ?"

ಫಿರದೋಸ್ ಚಾದರ ಮಡಚತೊಡಗಿದಳು.

"ಒಂದ ನೆಪ್ಪ ಇಡ್ರಿ. ಅಂಥಾ ಚೌಕ ಬಂದ್ರ ಹೂಂ ಅನಬ್ಯಾಡ್ರಿ. ಬ್ಯಾಡ ಅಂತ ಬರದದ್ದನ್ನೂ ಒತ್ತಬ್ಯಾಡ್ರಿ, ಕೆಲವು ಅದಕ್ಕೂ ಒಳಗ ಬರತಾವ. ಉತ್ತರಾನ ಕೊಡಬಾರದು. ಆಲ್ಟ್ ಹಿಡದು ಎಫ್ ನಾಕು ಒತ್ರಿ, ಮುಚ್ಚತೈತಿ. ಇನ್ನ ಏನರೆ ಹೊಸಾದು ಹಾಕೂ ಮುಂದ ಬಂದ ಒಂದೊಂದ ಹಾಳಿನೂ ಓದ್ರಿ. ಮೊದಲ ಟಿಕ್ ಹಾಕಿಟ್ಟಿರತಾರ, ಅದನ್ನ ತಗೀರಿ." ಒಂದೊಂದನ್ನೇ ಕಿತ್ತು ಹಾಕುತ್ತ, ಸಿ.ಡಿ. ಹಾಕಿ ಉಳಿದದ್ದನ್ನು ಜಾಲಾಡಿಸುತ್ತ ಅವನು ತಾರೀಖುಗಳನ್ನು ನೋಡಿದ. "ಎಲ್ಲಾಕ್ಕಿಂತ ಮೊದಲ ಬಂದದ್ದು ಇದ ನೋಡ್ರಿ. ಜುಲೈ ಇಪ್ಪತ್ತೊಂದು, ಶುಕ್ರವಾರ, ಮಧ್ಯಾಹ್ನ ಮೂರಕ್ಕ. ಮೀನಿಂದು. ಪರದೆ ಮ್ಯಾಲ ಮೀನಾ ಈಜತಾವಲ್ರಿ, ಅದು. ಉಳದಾವೆಲ್ಲಾ ಇದರ ಹಿಂದಿಂದ ಬಂದಾವ."

ಶುಕ್ರವಾರ ಮಧ್ಯಾಹ್ನ ಕ್ಲಾಸಿಗೆ ಸೂಟಿ, ಯಾವ ಹುಡುಗಿಯೂ ಬರುವುದಿಲ್ಲ. ಆ ಹೊತ್ತಿನಲ್ಲಿ ಕೋಣೆಯಲ್ಲಿ ಇದ್ದವಳು ತಾನೊಬ್ಬಳೇ.

ಅವಳಿಗೆ ಎಲ್ಲ ನೆನಪಾಯಿತು. ಹೊರಗೆ ಜಿಟಿಜಿಟಿ ಮಳೆ. ತಾಯಿ ಮಲಗಿದ್ದಳು. ಫೋನಿನ ತಂತಿ ಹಚ್ಚಿ ಏನೋ ಹುಡುಕುವಾಗ ಪುಕ್ಕಟೆ ಮೀನುಗಳು ಕಂಡಿದ್ದವು. ಕಿತ್ತಳೆ ಬಣ್ಣದವು, ಪಟ್ಟೆ ಪಟ್ಟೆಯವು, ಬಾಯಿಂದ ಗುಳ್ಳೆ ಬಿಡುವವು. ಹುಡುಗಿಯರಿಗೆ ಇಸ್ಪೀಟನ್ನೂ ಬಿಡದ ಅಕ್ಕೋರು ಕದ ಮುಂದೆ ಮಾಡಿ ಒಂದು ತಾಸು ಮೀನು ನೋಡುತ್ತ ಕುಳಿತಿದ್ದಳು. ಆಮೇಲೆ ನಾಚಿಕೆಯಾಗಿ ಅದರ ಚಿತ್ರವನ್ನು ಪರದೆಯಿಂದ ಅಳಿಸಿದ್ದಳು. ಅಳಿಸಿದ ಮೇಲೆ ಹೋಯಿತು ಅಂದುಕೊಂಡಿದ್ದಳು.

"ತಗೀಲೇನ್ರಿ ಇದನ್ನ?" ಮಲಕಾಜಪ್ಪ ಕೇಳಿದ.

"ತಗೀರಿ" ಅಂದಳು.

ಮರುದಿನ ಮಧ್ಯಾಹ್ನ ದೊಡವಾಡದ ಬಸ್ಸು. ದಾರಿಯಲ್ಲಿ ಏನು ಹೇಳಬೇಕೆಂದು ಹತ್ತು ಸಲ ಜೋಡಿಸಿದಳು, ಹತ್ತು ಸಲ ಮುರಿದಳು. ನಿಜ ಹೇಳಿದರೆ ಒಬ್ಬ ತಂದೆಗೆ ಚಿತ್ರದ ಸಂಗತಿ ತಿಳಿಯುತ್ತದೆ, ಅಲ್ಲಿಂದ ಊರಿಗೆ. ಇಷ್ಟು ದಿನ ವೇಲಿನಲ್ಲಿ ಮುಚ್ಚಿಟ್ಟದ್ದನ್ನು ತಾನೇ ಹೋಗಿ ಎತ್ತಿ ತೋರಿಸಬೇಕು. ಅಲ್ಲಾ, ಆ ಹುಡುಗಿ ಮನೆಯಲ್ಲಿ ಏನೆಂದು ಹೇಳಿಕೊಂಡಿರಬಹುದು? ಎಷ್ಟು ಬೈಸಿಕೊಂಡಿರಬಹುದು?

ಉಮಾಶ್ರೀಯ ತಂದೆ ನಿಜಗುಣಪ್ಪ ಎಮ್ಮೆಗೆ ಜೋಳದ ಕಣಿಕೆ ಹಾಕುತ್ತಿದ್ದವನು ಕೈ ಝಾಡಿಸಿ ಎದ್ದು ಬಂದ. "ಬರ್ರಿ ಅಕ್ಕೋರ, ಕುಂದರ್ರಿ. ಮಷಿನ್ ರಿಪೇರಿ ಆತೇನ್ರಿ? ಕೆಟ್ಟೈತಿ, ಹದಿನೈದು ದಿನ ಸೂಟಿ ಕೊಟ್ಟಾರ ಅಂದ್ಲು ನಮ್ಮ ಹುಡುಗಿ."

ತಂಬಿಗೆಯಲ್ಲಿ ನೀರು ತಂದ ಉಮಾಶ್ರೀ ಬಾಗಿಲಲ್ಲಿ ನಿಂತಿದ್ದಳು. ನೀರು ಕೊಟ್ಟಳು, ಮುಖ ಕೊಡಲಿಲ್ಲ.

ಹೂಂ ಅಂದರೆ ಮುಗಿಯುತ್ತಿತ್ತು. ಹುಡುಗಿಯೇ ಜಾಗ ಮಾಡಿಕೊಟ್ಟಿದ್ದಳು. ರಿಪೇರಿ ಆತ್ರಿ, ನಾಳೆಯಿಂದ ಕಳಿಸಿ ಅಂದು ಚಹಾ ಕುಡಿದು ಎದ್ದು ಬರಬಹುದಿತ್ತು. ಅವಳ ನಾಲಿಗೆ ಹುಟ್ಟಿದಾಗಿನಿಂದ ಕಲಿತ ಮಾತು ಅದೇ.

"ಇಲ್ರಿ ಅಣ್ಣಾರ" ಅಂದಳು ಫಿರದೋಸ್. "ಸೂಟಿ ಇರಲಿಲ್ರಿ. ನಾನ ಬರಬ್ಯಾಡ ಅಂದಿದ್ದೆ." ಆಮೇಲೆ ನಿಲ್ಲಲಿಲ್ಲ. ಚಿತ್ರ ಬಂದದ್ದು, ಹತ್ತೂ ಹುಡುಗಿಯರು ನೋಡಿದ್ದು, ತಪ್ಪನ್ನು ಉಮಾಶ್ರೀಯ ತಲೆಗೆ ಕಟ್ಟಿದ್ದು, ಯರಗಟ್ಟಿ, ತಾರೀಖು, ಮೀನು, ಎಲ್ಲ ಹೇಳಿದಳು. "ತಂದಾಕಿ ನಾನ್ರಿ. ನಿಮ್ಮ ಮಗಳಲ್ಲ."

ನಿಜಗುಣಪ್ಪ ಎಮ್ಮೆಯ ಕಡೆ ತಿರುಗಿದ. "ನೀವು ಹೇಳದಿದ್ರ ನಮಗ ಗೊತ್ತ ಆಗತಿರಲಿಲ್ರಿ" ಅಂದ. ಅದು ಸಿಟ್ಟೋ ಮೆಚ್ಚಿಕೆಯೋ ಅವಳಿಗೆ ತಿಳಿಯಲಿಲ್ಲ. "ನನ್ನ ಕೇಳಬ್ಯಾಡ್ರಿ. ಅಕಿನ್ನ ಕೇಳ್ರಿ" ಎಂದು ಕಣಿಕೆಯ ಸಿವುಡು ಎತ್ತಿಕೊಂಡು ಹಿತ್ತಲಿಗೆ ಹೋದ.

"ನನಗ ಗೊತ್ತಿತ್ರಿ" ಅಂದಳು ಉಮಾಶ್ರೀ. "ಆ ಶುಕ್ರವಾರ ನೋಟ್‌ಬುಕ್ ಮರತಿದ್ನಿ, ತಗೊಳ್ಳಾಕ ಬಂದಿದ್ನಿ. ಕಿಡಕ್ಯಾಗಿಂದ ನೋಡಿದೆ. ನೀವು ಮೀನಾ ನೋಡಕೋತ ನಗಾಕ ಹತ್ತಿದ್ರಿ. ನೀವು ನಗೂದು ನಾ ಅವತ್ತ ಮೊದಲ ನೋಡಿದ್ದು. ಹಂಗ ತಿರಿಗಿ ಹೋದ್ನಿ."

"ಮತ್ತ ನಾ ಬರಬ್ಯಾಡ ಅಂದಾಗ ಯಾಕ ಹೇಳಲಿಲ್ಲವ್ವಾ?"

"ಹೇಳಿದ್ರ ನಿಮಗ ನಾಚಿಕಿ ಆಗತಿತ್ರಿ." ಹುಡುಗಿ ಈಗ ಮುಖ ಎತ್ತಿದಳು. "ಆದ್ರ ನೀವು ನನ್ನ ಒಂದ ಮಾತ ಕೇಳಬೇಕಾಗಿತ್ರಿ ಅಕ್ಕೋರ. ನೀ ಮಾಡಿಯೇನು ಅಂತ. ಕೇಳಲೇ ಇಲ್ರಿ."

ಗುರುತು ಪರಿಚಯವಿಲ್ಲದ ಚೌಕಗಳ ನೂರು ಪ್ರಶ್ನೆಗೆ ಹೂಂ ಅಂದ ಫಿರದೋಸ್, ಎರಡು ವರ್ಷ ಎದುರಿಗೆ ಕುಳಿತ ಹುಡುಗಿಗೆ ಒಂದು ಪ್ರಶ್ನೆ ಕೇಳಿರಲಿಲ್ಲ. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲೂ ಇಲ್ಲ.

"ಹೌದವ್ವಾ. ಕೇಳಬೇಕಾಗಿತ್ತು. ಈಗ ಕೇಳತೇನಿ. ಕ್ಲಾಸಿಗೆ ಬರತೀಯೇನು?"

ಬಸ್‌ಸ್ಟ್ಯಾಂಡಿನ ಕಡೆಯಿಂದ ನಾಲ್ಕರ ಬಸ್ಸಿನ ಹಾರ್ನ್ ಎರಡು ಸಲ ಕೇಳಿತು. ಅದು ತಪ್ಪಿದರೆ ಮುಂದಿನದು ಆರೂವರೆಗೆ. ಫಿರದೋಸ್ ತಂಬಿಗೆ ಹಿಡಿದುಕೊಂಡು ಕುಳಿತೇ ಇದ್ದಳು. ಬಸ್ಸು ಹೋದ ಸಪ್ಪಳ ಕೇಳಿ, ಅದೂ ನಿಂತಿತು.

"ಮೀನಾ ತಗಸಿ ಬಿಟ್ರೇನ್ರಿ?"

"ತಗಸಿದೆ."

"ಛಂದ ಇದ್ವು" ಅಂದಳು ಉಮಾಶ್ರೀ. ಖಾಲಿ ತಂಬಿಗೆಯನ್ನು ಅಕ್ಕೋರ ಕೈಯಿಂದ ತೆಗೆದುಕೊಂಡಳು. "ಬರತೇನ್ರಿ. ನಾಳಿ ಅಲ್ಲ, ಸೋಮವಾರ."